ಕುಲಗೆಟ್ಟ ನಲವತ್ತೊಂದು ಮತ

ಹೋದ ಜೂನ್ ತಿಂಗಳಲ್ಲಿ ನಮ್ಮ ಹಾಸ್ಟೆಲಿಗೆ ಸಮವಸ್ತ್ರದ ಗಂಟುಗಳು ಬಂದವು. ಹಡಗಲಿಯ ಹುಡುಗಿಯರ ಹಾಸ್ಟೆಲಿನಲ್ಲಿ ನಾನು ವಾರ್ಡನ್. ಗಂಟು ಬಿಚ್ಚಿ, ಅಳತೆ ನೋಡಿ, ತರಗತಿವಾರು ಜೋಡಿಸಿಡುವುದು ನನ್ನ ಕೆಲಸ. ಮೊದಲ ಗಂಟಿನ ಹಗ್ಗ ಕತ್ತರಿಸಿದ ಕೂಡಲೇ ಗಂಜಿ ಬಿಡದ ಹೊಸ ಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ, ಇಸ್ತ್ರಿಯ ಹಬೆ ಮೂರೂ ಸೇರಿದ ಒಂದು ವಾಸನೆ ಕೋಣೆ ತುಂಬಿತು. ನಾನು ಹಾಗೇ ಕುಳಿತುಬಿಟ್ಟೆ. ಅಡುಗೆಯವಳು ಬಾಗಿಲಲ್ಲಿ ನಿಂತು, "ಯಾಕ್ರಿ ಮೇಡಂ, ಎಣಿಕಿ ತಪ್ಪೈತೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಎಣಿಸಲು ಇನ್ನೂ ಶುರುವೇ ಮಾಡಿರಲಿಲ್ಲ.

ಆ ವಾಸನೆಯಲ್ಲಿ ನಾನು ಒಂದೂವರೆ ವರ್ಷ ಕಳೆದಿದ್ದೇನೆ. ಹರಪನಹಳ್ಳಿಯ ಹೊರಗೆ, ಮೆಕ್ಕೆಜೋಳದ ಹೊಲಗಳ ನಡುವೆ, ಆಗ ಒಂದು ಸಿದ್ಧ ಉಡುಪಿನ ಕಾರ್ಖಾನೆ ಇತ್ತು. ತಗಡಿನ ಉದ್ದನೆಯ ಶೆಡ್ಡು, ಒಳಗೆ ಆರು ಸಾಲು ಯಂತ್ರಗಳು, ಮೂರು ನೂರು ಚಿಲ್ಲರೆ ಹೆಂಗಸರು. ಹೊಲಿಯುತ್ತಿದ್ದುದು ಪರದೇಶದ ಗಂಡಸರು ಕಚೇರಿಗೆ ಹಾಕಿಕೊಂಡು ಹೋಗುವ ಅಂಗಿ. ಹಳ್ಳಿಗಳಿಂದ ಹೆಂಗಸರನ್ನು ಕರೆತರಲು ನಾಲ್ಕು ಬಸ್ಸುಗಳಿದ್ದವು. ಒಂದು ಉಚ್ಚಂಗಿದುರ್ಗದ ಕಡೆಯಿಂದ, ಒಂದು ಕೊಟ್ಟೂರಿನ ಕಡೆಯಿಂದ, ಎರಡು ಸುತ್ತಿನ ಊರುಗಳಿಂದ.

ನಾನು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯವಳು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಸಿಕ್ಕ ಮೊದಲ ಕೆಲಸ ಅದು. ಹುದ್ದೆಯ ಹೆಸರು ಕಲ್ಯಾಣ ಅಧಿಕಾರಿ. ರಜೆ ಚೀಟಿ ತೆಗೆದುಕೊಳ್ಳುವುದು, ಗಾಯವಾದವರಿಗೆ ಪಟ್ಟಿ ಕಟ್ಟಿಸುವುದು, ಸಭೆಗಳ ನಡಾವಳಿ ಬರೆಯುವುದು, ಇಷ್ಟು ಕೆಲಸ. ಓದುವಾಗ ಪರೀಕ್ಷೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು: ಬಂಡವಾಳಶಾಹಿ ಸಮಾಜದಲ್ಲಿ ನಿಜವಾದ ಪ್ರಜಾಪ್ರಭುತ್ವ ಸಾಧ್ಯವೇ, ಚರ್ಚಿಸಿ. ಎರಡು ಪುಟ ಸಾಧ್ಯ ಎಂದೂ, ಎರಡು ಪುಟ ಸಾಧ್ಯವಿಲ್ಲ ಎಂದೂ ಬರೆದರೆ ಒಳ್ಳೆಯ ಅಂಕ ಬರುತ್ತಿತ್ತು. ನನಗೂ ಬಂದಿದ್ದವು. ಆ ಪ್ರಶ್ನೆಯನ್ನು ನನ್ನ ಕೈಯಲ್ಲಿ ಹಿಡಿದು ನೋಡಿದ್ದು ಆ ವರ್ಷ.

ಅದು ವಿಧಾನಸಭೆ ಚುನಾವಣೆಯ ವರ್ಷ. ಬೇಸಿಗೆ. ಹನ್ನೊಂದು ಗಂಟೆಗೆಲ್ಲ ತಗಡು ಕಾದು, ಮೇಲಿನ ಫ್ಯಾನುಗಳು ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿದ್ದವು. ಒಂದು ದಿನ ಅಭ್ಯರ್ಥಿಯೊಬ್ಬರು ಜನ ಕಟ್ಟಿಕೊಂಡು ಕಾರ್ಖಾನೆಯ ಗೇಟಿಗೆ ಬಂದರು. ಮೂರು ನೂರು ಓಟು ಒಂದೇ ಕಡೆ ಸಿಗುವ ಜಾಗ. ಕಾವಲಿನವನು ಒಳಗೆ ಬಿಡಲಿಲ್ಲ. ಮ್ಯಾನೇಜರ್ ಪ್ರಭಾಕರ್ ಅವರು ಬೆಂಗಳೂರಿನವರು, ಮಿತವಾಗಿ ಮಾತಾಡುವವರು. ಅವರೇ ಹೊರಗೆ ಹೋಗಿ, "ಸಾರ್, ಇದು ಕೆಲಸದ ವೇಳೆ, ದಯವಿಟ್ಟು ಸಂಜೆ ಬಸ್ಸಿನ ಹತ್ತಿರ ಮಾತಾಡಿಸಿ" ಎಂದು ಕೈಮುಗಿದರು. ಅಭ್ಯರ್ಥಿ ಸಂಜೆಯವರೆಗೆ ಕಾದರು. ನಾಳೆ ಶಾಸಕರಾಗಬಹುದಾದ ಮನುಷ್ಯ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆವರೊರೆಸಿಕೊಳ್ಳುತ್ತ ಕೂತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮತದಾನದ ದಿನ ಕಾರ್ಖಾನೆಗೆ ಸಂಬಳ ಸಹಿತ ರಜೆ. ಮರುದಿನ ಎಲ್ಲರ ಬೆರಳಿಗೂ ಶಾಯಿಯ ಗುರುತಿತ್ತು. ಬಿಳಿ ಬಟ್ಟೆಗೆ ತಾಗೀತೆಂದು ಸೂಪರ್‌ವೈಸರು ಅದನ್ನು ಉಜ್ಜಿ ತೊಳೆದು ಬರಲು ಹೇಳಿದ. ಅದು ತೊಳೆದರೆ ಹೋಗುವಂಥದ್ದಲ್ಲ ಎಂದು ಹೆಂಗಸರು ನಕ್ಕರು.

ಅದೇ ತಿಂಗಳು, ಅಂಗಿ ಕೊಳ್ಳುವ ಪರದೇಶದ ಕಂಪನಿಯವರು ತಪಾಸಣೆಗೆ ಒಬ್ಬರನ್ನು ಕಳಿಸಿದರು. ಕಾರ್ಖಾನೆಯಲ್ಲಿ ಕಾರ್ಮಿಕರೇ ಆರಿಸಿದ ಸಮಿತಿ ಇರಬೇಕೆಂಬುದು ಅವರ ನಿಯಮ. ನಮ್ಮಲ್ಲಿ ಸಮಿತಿ ಇತ್ತು, ಕಾಗದದ ಮೇಲೆ. ಪಟ್ಟಿಯಲ್ಲಿ ಹಾಲಮ್ಮನ ಹೆಸರಿತ್ತು. ಹಾಲಮ್ಮ ಇಸ್ತ್ರಿ ವಿಭಾಗದ ಹಿರಿಯಳು, ಐವತ್ತರ ಹತ್ತಿರದವಳು, ಕುರಿ ಸಾಕುವ ಮನೆಯವಳು. ತಪಾಸಣೆಯವರು ಅವಳ ಬಳಿ ನಿಂತು, "ನೀವು ಸಮಿತಿ ಸದಸ್ಯರಾ?" ಎಂದು ಕೇಳಿದರು.

"ಹೌದ್ರಿ," ಎಂದಳು ಹಾಲಮ್ಮ. "ವಾರಾ ವಾರಾ ತಪ್ಪದ ರೊಕ್ಕ ಕಟ್ತೀನಿ."

ಅವಳು ಹೇಳಿದ್ದು ಊರಿನ ಸ್ವಸಹಾಯ ಸಂಘದ ವಿಷಯ. ತಪಾಸಣೆಯವರು ವರದಿಯಲ್ಲಿ ಕೆಂಪು ಗೆರೆ ಎಳೆದರು. ಒಂದು ತಿಂಗಳೊಳಗೆ ಗುಪ್ತ ಮತದಾನದಿಂದ ಸಮಿತಿ ಆರಿಸಬೇಕು, ಇಲ್ಲವಾದರೆ ಆರ್ಡರು ಕೊಡುವುದಿಲ್ಲ ಎಂದರು. ಪ್ರಭಾಕರ್ ನನ್ನನ್ನು ಕರೆದು, "ನೀವು ಇದನ್ನೆಲ್ಲ ಓದಿದ್ದೀರಲ್ಲ ಮೇಡಂ, ಚೆನ್ನಾಗಿ ಮಾಡಿಬಿಡಿ" ಎಂದರು.

ನಾನು ಮನಸ್ಸಿಟ್ಟು ಮಾಡಿದೆ. ಸಾಲಿಗೊಬ್ಬರಂತೆ ಆರು ಸ್ಥಾನ. ಓದು ಬಾರದವರೂ ಇದ್ದುದರಿಂದ ಗುರುತು ಕೊಟ್ಟೆ: ಕತ್ತರಿ, ಸೂಜಿ, ಗುಂಡಿ, ದಾರದ ಉಂಡೆ. ಅಂಗಿ ತುಂಬುವ ರಟ್ಟಿನ ಡಬ್ಬಿಗೆ ಮೇಲೆ ಸೀಳು ಮಾಡಿ ಮತಪೆಟ್ಟಿಗೆ ಮಾಡಿದೆ. ತಪಾಸಣೆ ವಿಭಾಗದಲ್ಲಿ ಸರಿಯಿರುವ ಅಂಗಿಯ ಚೀಟಿಗೆ ಒತ್ತುವ ದುಂಡು ಮೊಹರನ್ನೇ ಓಟು ಒತ್ತಲು ಇಟ್ಟೆ.

ನಾನು ಎಣಿಸದೇ ಇದ್ದದ್ದು ಹೆಂಗಸರ ಉಮೇದನ್ನು. ಬಸ್ಸುಗಳಲ್ಲಿ ಪ್ರಚಾರ ನಡೆಯಿತು. ಊಟದ ಹೊತ್ತಿನಲ್ಲಿ ಚಟ್ನಿಪುಡಿ ಹಂಚಿಕೊಳ್ಳುತ್ತ ವಾದ ನಡೆಯಿತು. ಮೂರನೇ ಸಾಲಿನಲ್ಲಿ ಕಾಲರ್ ಹೊಲಿಯುತ್ತಿದ್ದ ಅಂಜಿನಮ್ಮ ನಿಂತಳು. ಉಚ್ಚಂಗಿದುರ್ಗದ ಪಕ್ಕದ ಊರು ಅವಳದು, ಮೂವತ್ತೈದರ ಆಸುಪಾಸು. ಏಳನೇ ತರಗತಿ ಓದಿದ್ದಳು. ಗಂಡ ಸರಕು ಆಟೋ ಓಡಿಸುತ್ತಿದ್ದ. ಅವಳು ಇಡೀ ಬಸ್ಸಿಗೆ ಓಟು ಒತ್ತುವುದನ್ನು ಕಲಿಸಿದಳು. ಹಳೆಯ ಚೀಟಿ ಹರಿದು ಗುರುತು ಬರೆದು, "ಗೆರಿ ಮ್ಯಾಲ ಒತ್ತಬ್ಯಾಡ್ರಿ, ಖಾನಿ ನಡುವ ಒತ್ರಿ. ಕುಲಗೆಟ್ಟ ಓಟು ಆದ್ರ ಹಾಕಿದ್ದೂ ಒಂದ, ಬಿಟ್ಟಿದ್ದೂ ಒಂದ" ಎಂದು ಒಬ್ಬೊಬ್ಬರ ಕೈ ಹಿಡಿದು ತೋರಿಸಿದಳೆಂದು ಆಮೇಲೆ ಕೇಳಿದೆ.

ಮತದಾನದ ದಿನ ಸಾಲಿನಲ್ಲಿ ನಿಂತಿದ್ದ ಹಾಲಮ್ಮ ನನ್ನನ್ನು ನೋಡಿ, "ಸೀರಿ ಇಲ್ಲ, ಕುಕ್ಕರಿಲ್ಲ, ಏನೂ ಕೊಡದ ಚುನಾವಣಿ ಇದೊಂದ ನೋಡ್ರಿ" ಎಂದಳು. ಒಂದೇ ಒಂದು ಮತವೂ ಕುಲಗೆಡಲಿಲ್ಲ. ಅಂಜಿನಮ್ಮನ ಗುಂಡಿಯ ಗುರುತಿಗೆ ಮೂರನೇ ಸಾಲಿನ ಹೆಚ್ಚುಕಮ್ಮಿ ಎಲ್ಲ ಮತ ಬಿದ್ದವು.

ಅಂಜಿನಮ್ಮ ಕೊಟ್ಟಿದ್ದು ಒಂದೇ ಭರವಸೆ. ಪ್ರತಿ ಸಾಲಿಗೆ ಒಂದು ಮರದ ಬಿಲ್ಲೆ ಇರುತ್ತಿತ್ತು. ಶೌಚಾಲಯಕ್ಕೆ ಹೋಗುವವರು ಅದನ್ನು ತೆಗೆದುಕೊಂಡು ಹೋಗಬೇಕು. ಅವರು ಬರುವವರೆಗೆ ಬೇರೆಯವರು ಏಳುವಂತಿಲ್ಲ. ಐವತ್ತು ಹೆಂಗಸರಿಗೆ ಒಂದು ಬಿಲ್ಲೆ. ಅದನ್ನು ಎರಡು ಮಾಡಿಸುತ್ತೇನೆ ಎಂದಿದ್ದಳು. ಮೊದಲ ಸಭೆಯಲ್ಲೇ ಕೇಳಿದಳು. ಪ್ರಭಾಕರ್ ಐದು ನಿಮಿಷ ಯೋಚಿಸಿ ಒಪ್ಪಿದರು. ಮರುದಿನ ಆರು ಹೊಸ ಬಿಲ್ಲೆಗಳು ಬಂದವು. ನೀರು ಕುಡಿಯಲು ಹೆದರುತ್ತಿದ್ದವರು ಬಾಟಲಿ ತುಂಬಿಸಿಕೊಂಡು ಬಂದು ಯಂತ್ರದ ಪಕ್ಕ ಇಟ್ಟುಕೊಂಡರು. ಇದು ಸಣ್ಣ ವಿಷಯ ಅನ್ನಿಸಬಹುದು. ಆ ವಾರ ನನಗೆ ಹಾಗೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಕಾರ್ಖಾನೆಯ ಎರಡೂ ಕಡೆ ಮೆಕ್ಕೆಜೋಳ ಮೊಳಕಾಲೆತ್ತರ ಎದ್ದಿತು. ಕಳೆ ತೆಗೆಯುವ ದಿನಗಳಲ್ಲಿ ಕೆಲಸಕ್ಕೆ ಬರುವವರು ಕಡಿಮೆಯಾಗಿ, ಪ್ರಭಾಕರ್ ಕಿಟಕಿಯಿಂದ ಹೊಲಗಳನ್ನು ಶತ್ರುವಿನಂತೆ ನೋಡುತ್ತಿದ್ದರು. ಆಗಲೇ ಎರಡನೇ ಸಭೆ ಆಯಿತು. ಕುಡಿಯುವ ನೀರು, ಕ್ಯಾಂಟೀನಿನ ಸಾರು ಎಲ್ಲ ಮುಗಿದ ಮೇಲೆ ಅಂಜಿನಮ್ಮ ಕೇಳಿದಳು:

"ಸಾರ್, ಸಾಲಿಗಿ ಗಂಟಿಗಿ ಅರವತ್ತು ಅಂಗಿ ಅಂತ ಬೋರ್ಡಿನ ಮ್ಯಾಲ ಬರೀತೀರಲ್ರಿ, ಅದನ್ನ ಯಾರು ಗೊತ್ತು ಮಾಡೋರು?"

"ಅದು ಪ್ರೊಡಕ್ಷನ್ ವಿಷಯ ಅಮ್ಮ. ಸಮಿತಿಗೆ ಬರಲ್ಲ," ಎಂದರು ಪ್ರಭಾಕರ್.

"ಸಮಿತಿಗಿ ಬರೋದು ಯಾವ್ದು ಸಾರ್?"

"ನೀರು, ಶೌಚಾಲಯ, ಕ್ಯಾಂಟೀನು, ಹಬ್ಬದ ಕಾರ್ಯಕ್ರಮ. ಅವೆಲ್ಲ."

ಅಂಜಿನಮ್ಮ, "ಅಂದ್ರ ಕುಂತು ಹೊಲಿಯೋ ಎಂಟು ತಾಸು ನಮ್ಮ ವಿಷಯ ಅಲ್ಲ. ಎದ್ದು ಹೋಗಿ ಬರೋ ಐದು ನಿಮಿಷ ಅಷ್ಟ ನಮ್ಮದು" ಎಂದಳು. ಸಿಟ್ಟಿನಿಂದಲ್ಲ, ಲೆಕ್ಕ ಸರಿಯೇ ಎಂದು ಕೇಳುವ ಹಾಗೆ. ಸಭೆ ಮುಗಿದ ಮೇಲೆ ಪ್ರಭಾಕರ್ ನನಗೆ, "ಆ ಕಡೇ ಮಾತು ನಡಾವಳಿಯಲ್ಲಿ ಬೇಡ ಮೇಡಂ" ಎಂದರು. ನಾನು ಬಿಟ್ಟೆ. ಸಹಿಗೆ ಪುಸ್ತಕ ಕೊಟ್ಟಾಗ ಅಂಜಿನಮ್ಮ ಬೆರಳಿಟ್ಟು ಓದಿದಳು. "ನಾ ಹೇಳಿದ್ದು ಇಲ್ಲಿ ಇಲ್ಲಲ್ರಿ ಮೇಡಂ."

"ಮುಂದಿನ ಸಲ ಬರೀತೀನಿ," ಎಂದೆ.

ಅವಳು ನನ್ನ ಮುಖ ನೋಡಿ ಸಹಿ ಮಾಡಿದಳು.

ಕಾರ್ಖಾನೆಯನ್ನು ಬರೀ ಕೆಟ್ಟದ್ದೆಂದು ಹೇಳಿದರೆ ಅದು ನಿಜವಾಗುವುದಿಲ್ಲ. ಒಂದು ಮಧ್ಯಾಹ್ನ ಜಿಟಿಜಿಟಿ ಮಳೆಯಲ್ಲಿ ಹಾಲಮ್ಮ ನನ್ನ ಕೋಣೆಗೆ ಬಂದು ಕೂತಳು. ಹಬೆಯಿಂದ ಕೈಗೆ ಬೊಬ್ಬೆ ಎದ್ದಿತ್ತು. ಮುಲಾಮು ಹಚ್ಚುತ್ತಿದ್ದಾಗ ಅಂಜಿನಮ್ಮನ ಮಾತು ಬಂತು. ಹಾಲಮ್ಮನಿಗೆ ಅವಳು ಅಷ್ಟು ಸೇರುತ್ತಿರಲಿಲ್ಲ.

"ಆಕಿಗಿ ಹೆಚ್ಚಾಗೈತ್ರಿ ಮೇಡಂ. ನಾ ಇಪ್ಪತ್ತು ವರ್ಷ ಕುರಿ ಹಿಂದ ತಿರುಗೀನಿ. ಬಿಸಲು ಮಳಿ ಅನ್ನದ ತಿರುಗಿದ್ರೂ ಮನ್ಯಾಗ ಒಂದು ಮಾತು ಕೇಳಿದೋರಿಲ್ಲ. ಕುರಿ ಮಾರೋದು ಯಾವಾಗ, ಮಗಳನ್ನ ಯಾರಿಗಿ ಕೊಡೋದು, ಎಲ್ಲಾ ಗಂಡಸರದ. ಈಗ ತಿಂಗಳಾ ನನ್ನ ಹೆಸರಿಗಿ ಬ್ಯಾಂಕಿಗಿ ಬರತೈತಿ. ಸಣ್ಣ ಮಗಳ ಮದುವಿ ಮಾತು ಬಂದಾಗ ನನ್ನ ಗಂಡ, 'ನೀ ಏನಂತಿ' ಅಂತ ಕೇಳಿದ. ನಾ ಇನ್ನೊಂದು ವರ್ಷ ಓದ್ಲಿ ಅಂದೆ. ಓದಾಕ ಹತ್ಯಾಳ. ಮನ್ಯಾಗ ನನಗ ಓಟು ಬಂದಿದ್ದು ಈ ಮಿಷನ್ನಿಂದ್ರಿ. ಈಕಿ ಇದನ್ನ ಮುಚ್ಚಸ್ತಾಳ."

ನನ್ನ ನಾಲ್ಕು ಪುಟದ ಉತ್ತರದಲ್ಲಿ ಈ ಮಾತು ಇರಲಿಲ್ಲ. ಆ ದಿನ ನಾನು ಹಾಲಮ್ಮನದೇ ಸರಿ ಎಂದುಕೊಂಡೆ. ಅಂಜಿನಮ್ಮನ ಎದುರು ಕೂತಾಗ ಅವಳದು ಸರಿ ಅನ್ನಿಸುತ್ತಿತ್ತು. ಇಬ್ಬರದೂ ಸರಿಯಿದ್ದರೆ ನಾನು ಏನು ಮಾಡಬೇಕು ಎಂದು ಯಾರನ್ನೂ ಕೇಳುವಂತಿರಲಿಲ್ಲ.

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಬೋರ್ಡಿನ ಮೇಲೆ ಎಪ್ಪತ್ತೈದು ಬಂತು. ಯಾರಿಗೂ ಮುಂಚೆ ಹೇಳಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಅರವತ್ತು ಅಳಿಸಿ ಎಪ್ಪತ್ತೈದು ಬರೆದಿದ್ದರು. ಸಂಬಳ ಅಷ್ಟೇ. ಮೊದಲ ವಾರ ಹೆಂಗಸರು ಊಟದ ಹೊತ್ತು ಕಡಿಮೆ ಮಾಡಿಕೊಂಡು ಓಡಿದರು. ಹೊಸ ಬಿಲ್ಲೆಗಳು ಮೊಳೆಗೆ ತೂಗಿಕೊಂಡೇ ಇರತೊಡಗಿದವು, ಏಳಲು ಯಾರಿಗೂ ಪುರಸತ್ತಿರಲಿಲ್ಲ. ಸೂಜಿ ಬೆರಳಿಗೆ ಹೊಕ್ಕು ನನ್ನ ಬಳಿ ಬರುವವರು ಹೆಚ್ಚಾದರು. ಅಂಜಿನಮ್ಮ ಸಮಿತಿಯ ಸಭೆ ಕರೆಯಲು ಬರೆದುಕೊಟ್ಟಳು. ಮುಂದಿನ ತಿಂಗಳು ನೋಡೋಣ ಎಂದರು ಪ್ರಭಾಕರ್.

ಎರಡನೇ ವಾರದ ಸೋಮವಾರ ಮೂರನೇ ಸಾಲು ಗಂಟೆಗೆ ಅರವತ್ತು ಅಂಗಿ ಹೊಲಿಯಿತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾರೂ ಘೋಷಣೆ ಕೂಗಲಿಲ್ಲ, ಎದ್ದು ನಿಲ್ಲಲಿಲ್ಲ. ಸೂಪರ್‌ವೈಸರು ಬೈದರೆ, "ಹೊಲಿಯಾಕ ಹತ್ತೀವಲ್ರಿ" ಎನ್ನುವರು. ಮಂಗಳವಾರ ನಾಲ್ಕನೇ ಸಾಲು, ಬುಧವಾರ ಒಂದನೇ ಸಾಲು ಹಾಗೇ ಮಾಡಿದವು. ಅರವತ್ತರ ಮೇಲೆ ಒಂದು ಅಂಗಿ ಬರದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ಕೆಲಸ ಬಲ್ಲವರಿಗೆ ಗೊತ್ತು. ಪ್ರಭಾಕರ್ ಕೂಡ, ಬೇಸರದ ನಡುವೆಯೇ, "ಇಷ್ಟು ಒಗ್ಗಟ್ಟಿಂದ ಕೆಲಸ ಮಾಡಿದ್ದನ್ನ ನಾನು ಯಾವತ್ತೂ ನೋಡಿಲ್ಲ" ಎಂದರು.

ಶುಕ್ರವಾರ ಬೆಂಗಳೂರಿನಿಂದ ಮಾಲೀಕರು ಬಂದರು. ಅರವತ್ತು ದಾಟಿದ ವಯಸ್ಸು, ಮೆತ್ತನೆಯ ದನಿ. ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಶೆಡ್ಡಿನ ನಡುವೆ ಸೇರಿಸಿದರು. ಆ ನಿಶ್ಶಬ್ದದಲ್ಲಿ ಹೊರಗಿನ ಗಾಳಿಗೆ ಜೋಳದ ಗರಿಗಳು ಸದ್ದು ಮಾಡುವುದು ಮೊದಲ ಬಾರಿಗೆ ಒಳಗೆ ಕೇಳಿಸಿತು.

"ನಾನು ಯಾರನ್ನೂ ಬೈಯಲು ಬಂದಿಲ್ಲ," ಎಂದರು. "ಇದು ಪ್ರಜಾಪ್ರಭುತ್ವ. ನೀವೇ ತೀರ್ಮಾನ ಮಾಡಿ. ಎಪ್ಪತ್ತೈದು ಒಪ್ಪಿದರೆ ಮುಂದಿನ ವರ್ಷದ ಆರ್ಡರು ಇಲ್ಲೇ ಇರುತ್ತೆ. ಬೇಡ ಅಂದರೆ ಅದು ಬೇರೆ ಊರಿಗೆ ಹೋಗುತ್ತೆ. ಮೂರು ಸಾಲು ಮುಚ್ಚಬೇಕಾಗುತ್ತೆ. ಯಾವ ಮೂರು ಅಂತ ಈಗ ಹೇಳೋಕೆ ಆಗಲ್ಲ. ಗುಪ್ತ ಮತದಾನ ಮಾಡಿ. ಏನು ಬಂದರೂ ನಾನು ಒಪ್ಪುತ್ತೇನೆ."

ಅಂಜಿನಮ್ಮ ಮುಂದಿನ ಸಾಲಿನಲ್ಲಿ ನಿಂತಿದ್ದಳು. "ಸಾರ್, ಚೀಟಿಯಾಗ ಇನ್ನೊಂದು ಖಾನಿ ಹಾಕ್ಸಿ," ಎಂದಳು. "ಅರವತ್ತೈದು ಅಂತ. ಅಷ್ಟು ನಮ್ಮ ಕೈಲೆ ಆಗತೈತಿ. ಎಪ್ಪತ್ತೈದು ಆಗಂಗಿಲ್ಲ, ಬೆರಳು ಹೋಗತಾವ."

"ಎರಡೇ ಅಮ್ಮ. ಒಪ್ಪಿಗೆ ಇದೆ, ಇಲ್ಲ."

"ಓಟು ನಾವು ಹಾಕ್ತೀವಿ ಸಾರ್. ಚೀಟಿಯಾಗ ಏನಿರಬೇಕು ಅಂತ ಆರಿಸಿದೋರು ಯಾರು?"

ಶೆಡ್ಡಿನಲ್ಲಿ ಯಾರೂ ಮಿಸುಕಲಿಲ್ಲ. ಮಾಲೀಕರು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ನನಗೂ ಯಾರೂ ಮೂರನೇ ಖಾನೆ ಕೊಟ್ಟಿಲ್ಲಮ್ಮ. ಅಂಗಿ ಕೊಳ್ಳೋರು ಬೆಲೆ ಹೇಳಿದರು, ತಗೊಳ್ತೀಯೋ ಬಿಡ್ತೀಯೋ ಅಂದರು. ಅಷ್ಟೇ." ಅವರು ಸುಳ್ಳು ಹೇಳುತ್ತಿದ್ದರು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅವರು ಬಂದ ಕಾರು ಹೊರಗೆ ನೆರಳಿನಲ್ಲಿ ನಿಂತಿತ್ತು. ಮುಚ್ಚುವ ಮೂರು ಸಾಲಿನಲ್ಲಿ ಅವರು ಕೂತು ಹೊಲಿಯುವ ಯಂತ್ರ ಇರಲಿಲ್ಲ.

ಶನಿವಾರ ಮತದಾನ. ಅದೇ ರಟ್ಟಿನ ಡಬ್ಬಿ, ಅದೇ ದುಂಡು ಮೊಹರು. ಚೀಟಿಯಲ್ಲಿ ಎರಡು ಖಾನೆ, ಒಂದರಲ್ಲಿ ಸರಿ ಗುರುತು, ಒಂದರಲ್ಲಿ ತಪ್ಪು ಗುರುತು. ಈ ಸಲ ಯಾರೂ ಹರಟಲಿಲ್ಲ. ಬಸ್ಸುಗಳಲ್ಲೂ ಮಾತಿರಲಿಲ್ಲವಂತೆ. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ಕೆಲವರು ಹೆಚ್ಚು ಹೊತ್ತು ತೆಗೆದುಕೊಂಡರು. ನಾನು ಅದನ್ನು ಅನುಮಾನದಿಂದ ನೋಡಲಿಲ್ಲ, ತೀರ್ಮಾನ ಕಷ್ಟ ಎಂದುಕೊಂಡೆ.

ಎಣಿಕೆ ನನ್ನ ಕೋಣೆಯಲ್ಲಿ, ನಾನು ಮತ್ತು ಪ್ರಭಾಕರ್ ಇಬ್ಬರೇ. ಸಮಿತಿಯವರೂ ಇರಬೇಕೆಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಒಟ್ಟು ಇನ್ನೂರ ತೊಂಬತ್ತೆಂಟು ಚೀಟಿ. ಒಪ್ಪಿಗೆಗೆ ಇನ್ನೂರ ಮೂವತ್ತೆಂಟು. ಒಪ್ಪಿಗೆ ಇಲ್ಲ ಎಂಬುದಕ್ಕೆ ಹತ್ತೊಂಬತ್ತು. ಉಳಿದ ನಲವತ್ತೊಂದು ಚೀಟಿಗಳಲ್ಲಿ ಮೊಹರೇ ಇರಲಿಲ್ಲ. ಎರಡು ಖಾನೆಗಳ ಕೆಳಗಿನ ಖಾಲಿ ಜಾಗದಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ಒಂದು ಅಂಕಿ ಬರೆದಿದ್ದರು: 65.

ನಾನು ಅವನ್ನು ಮೇಜಿನ ಮೇಲೆ ಹರಡಿದೆ. ಕೆಲವು ದುಂಡಗೆ, ಕೆಲವು ಓರೆಯಾಗಿ. ಎರಡರಲ್ಲಿ ಆರು ತಿರುಗುಮುರುಗಾಗಿತ್ತು. ಅಕ್ಷರ ಬಾರದವರಿಗೂ ಅಂಕಿ ಬರುತ್ತಿತ್ತು, ಗಂಟೆಗಂಟೆಗೂ ಬೋರ್ಡಿನ ಮೇಲೆ ನೋಡುತ್ತಿದ್ದುದು ಅದನ್ನೇ. ಚಾಕಿನ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಪರದೆಯ ಹಿಂದೆ ಹೋಗಿದ್ದಾರೆ. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಬಸ್ಸಿನಲ್ಲಿ ಸುದ್ದಿಯಾಗುತ್ತಿತ್ತು, ನನ್ನ ಕಿವಿಗೂ ಬೀಳುತ್ತಿತ್ತು. ನಲವತ್ತೊಂದು ಜನ ತಮ್ಮಷ್ಟಕ್ಕೆ ತಾವೇ ಇಲ್ಲದ ಖಾನೆಯನ್ನು ಬರೆದುಕೊಂಡಿದ್ದರು.

ಪ್ರಭಾಕರ್ ಒಂದೊಂದನ್ನೇ ಎತ್ತಿ ನೋಡಿದರು. "ಕುಲಗೆಟ್ಟ ಮತ ಅಂತ ಹೇಳಿಬಿಡಿ," ಎಂದರು. "ಯಾವ ಚುನಾವಣೆಯಲ್ಲೂ ಚೀಟಿ ಮೇಲೆ ಬರೆದರೆ ಅದು ಅಸಿಂಧು ತಾನೇ?"

"ಹೌದು," ಎಂದೆ. ನಿಯಮದ ಪ್ರಕಾರ ಅದು ನಿಜ.

"ಏನು ಬರೆದಿದ್ದರು ಅಂತ ಹೇಳೋದು ಬೇಡ. ಚೀಟಿ ಕೂಡ ಇಡಬೇಡಿ. ಮಾಲೀಕರ ಕೈಗೆ ಸಿಕ್ಕರೆ ಯಾರ ಬರಹ ಅಂತ ಕೇಳ್ತಾರೆ. ನನಗೆ ಮೂರನೇ ಸಾಲಿನವರ ಕೈ ಗೊತ್ತಾಗುತ್ತೆ ಮೇಡಂ."

ಅವರು ಆ ಹೆಂಗಸರನ್ನು ಉಳಿಸಲು ಹೇಳಿದರೋ, ತಮ್ಮನ್ನು ಉಳಿಸಿಕೊಳ್ಳಲೋ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ನಾನು ಚೀಟಿಗಳನ್ನು ಇಸ್ತ್ರಿ ವಿಭಾಗದ ಬಾಯ್ಲರಿನ ಒಲೆಗೆ ಹಾಕಿದೆ. ಆಮೇಲೆ ಶೆಡ್ಡಿನ ನಡುವೆ ನಿಂತು ಓದಿದೆ: ಒಪ್ಪಿಗೆ ಇನ್ನೂರ ಮೂವತ್ತೆಂಟು, ವಿರೋಧ ಹತ್ತೊಂಬತ್ತು, ಕುಲಗೆಟ್ಟ ಮತ ನಲವತ್ತೊಂದು. ಹಾಲಮ್ಮ, "ಇನ್ನೂ ಒತ್ತಾಕ ಬರವಲ್ದು ನಮ್ಮ ಮಂದಿಗಿ" ಎಂದು ನಕ್ಕಳು. ಕೆಲವರು ಅವಳ ಜೊತೆ ನಕ್ಕರು. ಕೆಲವರು ತಲೆ ಬಗ್ಗಿಸಿ ಯಂತ್ರಕ್ಕೆ ದಾರ ಪೋಣಿಸತೊಡಗಿದರು. ಅಂಜಿನಮ್ಮ ನನ್ನ ಕಡೆ ನೋಡುತ್ತಿದ್ದಳು. ನಾನು ಹಾಳೆ ಮಡಚಿ ಕೋಣೆಗೆ ನಡೆದೆ.

ಅಂದಿನಿಂದ ಎಪ್ಪತ್ತೈದೇ ನಡೆಯಿತು. ಅಂಜಿನಮ್ಮ ಸಮಿತಿಯ ಸಭೆಗಳಿಗೆ ಬಂದು ಕೂತಳು, ಮಾತಾಡಲಿಲ್ಲ. ಸುಗ್ಗಿ ಮುಗಿದು ರಸ್ತೆಯ ತುಂಬ ಮೆಕ್ಕೆಜೋಳ ಒಣಹಾಕುವ ಹೊತ್ತಿಗೆ ಮನೆಯಲ್ಲಿ ತೊಂದರೆ ಎಂದು ಬರೆದುಕೊಟ್ಟು ಕೆಲಸ ಬಿಟ್ಟಳು. ಅವಳ ರಾಜೀನಾಮೆ ತೆಗೆದುಕೊಂಡವಳು ನಾನೇ. ಆ ಚೀಟಿಗಳ ವಿಷಯ ಅವತ್ತೂ ಹೇಳಬಹುದಿತ್ತು. ಕೋಣೆಯಲ್ಲಿ ಬೇರೆಯವರಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷ ನನಗೆ ಹಾಸ್ಟೆಲಿನ ಕೆಲಸ ಸಿಕ್ಕಿತು. ನಾನು ಬಿಟ್ಟ ಐದಾರು ತಿಂಗಳಿಗೆ ಕಾರ್ಖಾನೆ ಮುಚ್ಚಿತೆಂದು ಕೇಳಿದೆ. ಇನ್ನೂ ಕಡಿಮೆಗೆ ಹೊಲಿದುಕೊಡುವ ಜಾಗ ಎಲ್ಲೋ ಸಿಕ್ಕಿತಂತೆ. ಆ ತೀರ್ಮಾನಕ್ಕೆ ಯಾರೂ ಚೀಟಿ ಹಂಚಲಿಲ್ಲ. ಹಾಲಮ್ಮನ ಮಗಳು ಅಷ್ಟರಲ್ಲಿ ಪಿಯುಸಿ ಮುಗಿಸಿದ್ದಳು ಎಂಬುದನ್ನೂ ಇಲ್ಲಿ ಹೇಳಬೇಕು.

ಸಮವಸ್ತ್ರದ ಗಂಟು ಬಿಚ್ಚಿದ ಮುಂದಿನ ಭಾನುವಾರ ನಾನು ಹಗರಿಬೊಮ್ಮನಹಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋಗಬೇಕಾದವಳು ಹರಪನಹಳ್ಳಿಯ ಬಸ್ಸು ಹತ್ತಿದೆ. ಅಂಜಿನಮ್ಮ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಹಾಕಿದ್ದಾಳೆಂದು ಯಾರೋ ಹೇಳಿದ್ದರು. ಹುಡುಕುವುದು ಕಷ್ಟವಾಗಲಿಲ್ಲ. ಒಂದೇ ಯಂತ್ರ, ಗೋಡೆಗೆ ತೂಗುಹಾಕಿದ ರವಿಕೆಗಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ಸ್ಟೂಲು ಎಳೆದು, "ಬರ್ರಿ ಮೇಡಂ, ಕುಂದರ್ರಿ" ಎಂದಳು. ಚಹಾ ತರಿಸಿದಳು. ಮಕ್ಕಳು, ಮಳೆ, ಹಾಸ್ಟೆಲಿನ ಊಟ ಎಲ್ಲ ಮಾತಾಡಿದ ಮೇಲೆ ನಾನು ಆ ಶನಿವಾರದ ವಿಷಯ ತೆಗೆದೆ.

"ಅದ್ಯಾಕ್ರಿ ಈಗ?" ಎಂದಳು. "ನಾನೂ ಎಪ್ಪತ್ತೈದಕ್ಕ ಒತ್ತಿದ್ದೆ, ನಿಮಗ ಗೊತ್ತೇನ್ರಿ? ಪರದಿ ಹಿಂದ ನಿಂತಾಗ ನಮ್ಮ ಬಸ್ಸಿನೋರೆಲ್ಲ ಕಣ್ಣ ಮುಂದ ಬಂದ್ರು. ಮೂರು ಸಾಲು ಹೋದ್ರ ಯಾರ ಮನಿ ಹೋಗತೈತೋ ಅಂತ. ಮಾಲೀಕನ ಎದುರು ಅರವತ್ತೈದು ಅಂದಾಗ ಒಬ್ಬಾಕಿನಾರ ಹೂಂ ಅಂದಿದ್ರ ನಾ ಹಂಗ ಮಾಡತಿದ್ದಿಲ್ಲ. ಯಾರೂ ಉಸುರು ಬಿಡಲಿಲ್ಲ. ಅದಕ್ಕಿಂತ ಹೆಚ್ಚಿಗಿ ಆ ನಲವತ್ತೊಂದು ಕುಲಗೆಟ್ಟಿದ್ದು ನನ್ನ ಕೊರದಿತ್ತು. ಒತ್ತಾಕ ನಾನ ಕಲ್ಸಿದ್ದೆ. ಮೊದಲಿನ ಸಲ ಒಂದೂ ಕೆಟ್ಟಿದ್ದಿಲ್ಲ. ಬೇಕಂತ ಕೆಡಿಸ್ಯಾರ, ಎರಡೂ ಕಡಿ ಒಳ್ಳೇರಾಗಾಕ ಅಂದುಕೊಂಡೆ. ಇಂಥೋರಿಗಿ ನಾ ಯಾಕ ಬಾಯಿ ಬಡಕೋಬೇಕು ಅಂತ ಬಿಟ್ಟು ಬಂದೆ."

ನಾನು ಹೇಳಿದೆ. ಮೊಹರು ಇರಲಿಲ್ಲ, ನೀಲಿ ಚಾಕಿನಲ್ಲಿ ಅರವತ್ತೈದು ಎಂದು ಬರೆದಿದ್ದರು ಎಂದೆ. ನಲವತ್ತೊಂದರಲ್ಲೂ. ನಾನೇ ಅವನ್ನು ಒಲೆಗೆ ಹಾಕಿದೆ ಎಂದೂ ಹೇಳಿದೆ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಹೊಲಿಯುತ್ತಿದ್ದ ರವಿಕೆಯ ತೋಳನ್ನು ಯಂತ್ರದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಎಲ್ಲಾದ್ರಾಗೂ ಅದ ಅಂಕಿ ಏನ್ರಿ?"

"ಎಲ್ಲಾದ್ರಾಗೂ."

ಅವಳು ಬೆರಳು ಮಡಚತೊಡಗಿದಳು. ಒಂದೊಂದೇ ಹೆಸರು ಹೇಳಿದಳು. ತನ್ನ ಪಕ್ಕದ ಯಂತ್ರದವಳು, ತೋಳು ಜೋಡಿಸುತ್ತಿದ್ದ ಅಕ್ಕತಂಗಿಯರು, ತಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವಳು. "ಈಕಿ ಬರದಿರತಾಳ. ಈಕಿನೂ ಬರದಿರತಾಳ, ಬಾಯಿ ಸತ್ತಾಕಿ ಆದ್ರೂ ಗಟ್ಟಿ ಅದಾಳ." ನನ್ನ ಬಸ್ಸಿನ ಹೊತ್ತು ಮೀರಿತು. ನಾನು ಏಳಲಿಲ್ಲ. ಇಪ್ಪತ್ತಮೂರರವರೆಗೆ ಹೋಗಿ ಅವಳ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಹೆಸರು ಹಿಡಿದು ಬಂದಳು. ಮತ್ತೆ ಅಲ್ಲೇ ನಿಂತಿತು.

"ಇನ್ನ ಹದಿನೆಂಟು ಮಂದಿ ಉಳದ್ರಲ್ರಿ," ಎಂದಳು. "ಅವರು ಯಾರು ಅಂತ ನನಗ ಹೊಳಿವಲ್ದು. ದಿನಾ ಅವರ ಜೊತಿನ ಬಸ್ಸಿನ್ಯಾಗ ಬರತಿದ್ದೆ. ಅಂಜಿದೋರು ಅಂತ ತಿಳದು ಮಾತು ಬಿಟ್ಟೆ."